ಗುಳಿಗೆಯ ಶೇಕಡಾ ಲೆಕ್ಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಂದ ಹೊರಟು ದೂರದೇಶಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು: “ಸರ್, ತಂದೆತಾಯಿಯನ್ನು ಇಲ್ಲಿಗೇ ಕರೆಸಿಕೊಳ್ಳಬೇಕೆಂದಿದ್ದೇವೆ. ತಮ್ಮ ಅಭಿಪ್ರಾಯವೇನು?” ಈ ಪ್ರಶ್ನೆಗೆ ಪ್ರೀತಿಯ ಉತ್ತರ ಒಂದು, ಲೆಕ್ಕದ ಉತ್ತರ ಇನ್ನೊಂದು. ಗಣಿತ ಕಲಿಸಿದವನಾದ್ದರಿಂದ ಲೆಕ್ಕದ ಉತ್ತರವನ್ನೇ ಬರೆಯುತ್ತೇನೆ.

ನನಗೂ ನನ್ನ ಶ್ರೀಮತಿಗೂ ಸೇರಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಗುಳಿಗೆಗೆ ತಿಂಗಳಿಗೆ 1,800 ರೂಪಾಯಿ ಬೇಕು. ನಿವೃತ್ತಿ ವೇತನ 36,000. ಅಂದರೆ ಶೇಕಡಾ 5. ನಿಪ್ಪಾಣಿಯಲ್ಲಿರುವ ನನ್ನ ಶಿಷ್ಯನೊಬ್ಬನ ತಾಯಿ ನಲವತ್ತು ವರ್ಷ ಬೀಡಿ ಕಟ್ಟಿದವರು. ಅವರಿಗೆ ಬರುವುದು ಭವಿಷ್ಯನಿಧಿಯ ಪಿಂಚಣಿ. ಕೇಂದ್ರ ಸರ್ಕಾರವು 2014ರ ಸೆಪ್ಟೆಂಬರಿನಲ್ಲಿ ಅದರ ಕನಿಷ್ಠ ಮೊತ್ತವನ್ನು 1,000 ರೂಪಾಯಿ ಎಂದು ಗೊತ್ತುಪಡಿಸಿತು. ಅವರ ಕೈಗೆ ಬರುವುದೂ ಅಷ್ಟೇ. ಗುಳಿಗೆಗೆ 600. ಶೇಕಡಾ 60! ಅವರು ದಿನ ಬಿಟ್ಟು ದಿನ ಗುಳಿಗೆ ನುಂಗುತ್ತಿದ್ದರು. “ದಿನಾ ತಗೊಂಡ್ರ ತಿಂಗಳ ಹೆಂಗ ದಾಟೂದ್ರಿ ಮಾಸ್ತರ?” ಎಂದು ಕೇಳಿದರು.

2013ರ ಔಷಧ ಬೆಲೆ ನಿಯಂತ್ರಣ ಆದೇಶವು ಅತ್ಯಗತ್ಯ ಔಷಧಗಳಿಗೆ ಗರಿಷ್ಠ ಬೆಲೆಯ ಮಿತಿ ಹಾಕಿದೆ, ನಿಜ. ಆದರೆ ಆ ಮಿತಿಯು ಕೊಳ್ಳುವವರ ಆದಾಯವನ್ನು ಕೇಳುವುದಿಲ್ಲ. ಆದಾಯ ಕೇಳುವುದು 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆ: ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಉಳಿದವರಿಗೆ ವೆಚ್ಚದ ಶೇಕಡಾ 30ರಂತೆ ಒಂದೂವರೆ ಲಕ್ಷದವರೆಗೆ. ಅದು ಆಸ್ಪತ್ರೆಯ ಚಿಕಿತ್ಸೆಗೆ; ತಿಂಗಳು ತಿಂಗಳು ಅಂಗಡಿಯಲ್ಲಿ ಕೊಳ್ಳುವ ಗುಳಿಗೆಗಲ್ಲ.

ಇನ್ನು ಪರದೇಶದ ಮಾತು. ನನ್ನೊಡನೆ ಕೆಲಸ ಮಾಡಿದ ಅಥಣಿ ಕಡೆಯ ಶಿಕ್ಷಕರೊಬ್ಬರು ಗ್ರೀನ್ ಕಾರ್ಡ್ ಪಡೆದು ಅಮೆರಿಕದ ಮಗನ ಮನೆಗೆ ಹೋದರು. ಅಲ್ಲಿ 65 ದಾಟಿದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆಯಿದೆ. ಅದರ ಔಷಧ ವಿಭಾಗದಲ್ಲಿ ಆದಾಯ ಕಡಿಮೆಯಿದ್ದವರಿಗೆ ನೆರವು ಉಂಟು. 2011ರಿಂದ ಹೆಚ್ಚು ಆದಾಯದವರು ಹೆಚ್ಚುವರಿ ಕಂತು ಕಟ್ಟುತ್ತಾರೆ. ರೋಗಿಯ ಕೈಯಿಂದ ಹೋಗುವ ಔಷಧ ವೆಚ್ಚಕ್ಕೆ 2025ರಲ್ಲಿ ವರ್ಷಕ್ಕೆ 2,000 ಡಾಲರ್ ಮಿತಿಯೂ ಬಂದಿತು. ಒಳ್ಳೆಯ ವ್ಯವಸ್ಥೆಯೇ. ಆದರೆ ಅಲ್ಲಿ ದುಡಿದಿರದ ವೃದ್ಧರು ಗ್ರೀನ್ ಕಾರ್ಡ್ ಪಡೆದು ಐದು ವರ್ಷ ಎಡೆಬಿಡದೆ ನೆಲೆಸಿದ ಮೇಲೆಯೇ ಕಂತು ತೆತ್ತು ಅದರೊಳಗೆ ಸೇರಬಹುದು. ಅಲ್ಲಿಯವರೆಗೆ ಖಾಸಗಿ ವಿಮೆ, ಇಲ್ಲವೆ ಮಗನ ಜೇಬು.

ಮಿರಜಿನಲ್ಲಿ ಕೊಂಡು ಒಯ್ದ ಗುಳಿಗೆ ಮೂರು ತಿಂಗಳಿಗೆ ಮುಗಿಯಿತು. ಬಳಿಕ ಆ ಹಿರಿಯರು ಒಂದು ಗುಳಿಗೆಯನ್ನು ಮುರಿದು ಎರಡು ದಿನ ನುಂಗತೊಡಗಿದರು. ಮಗ ಬೇಡವೆಂದವನಲ್ಲ. “ತಿಂಗಳಾ ಮಗನ ಮುಂದ ಕೈ ಚಾಚೂದು ನನ್ನಿಂದ ಆಗೂದಿಲ್ಲೋ ಮಾರಾಯಾ” ಎಂದು ಫೋನಿನಲ್ಲಿ ಹೇಳಿದರು. ಎರಡನೆಯ ವರ್ಷವೇ ಊರಿಗೆ ಮರಳಿದರು. ನಿಪ್ಪಾಣಿಯ ಆ ತಾಯಿ, ಅಮೆರಿಕದ ಈ ತಂದೆ ಇಬ್ಬರೂ ಅರ್ಧ ಔಷಧವನ್ನೇ ಸೇವಿಸಿದರು. ಒಬ್ಬರಿಗೆ ಹಣವಿರಲಿಲ್ಲ, ಇನ್ನೊಬ್ಬರಿಗೆ ತಮ್ಮದೆನ್ನುವ ಹಣವಿರಲಿಲ್ಲ, ರೂಪಾಯಿಯ ಪಿಂಚಣಿ ಡಾಲರಿನ ಅಂಗಡಿಯಲ್ಲಿ ಸಾಲಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆನ್ನುವರು. ರೋಗವು ಹಾಸಿಗೆಯ ಉದ್ದವನ್ನು ನೋಡಿ ಬರುವುದಿಲ್ಲವಲ್ಲ!

ಆ ತಾಯಿಯ ಚೀಟಿಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದೆವು. ಕೆಲವು ಗುಳಿಗೆ ಅಲ್ಲಿಯೇ ಉಚಿತವಾಗಿ ದೊರೆತವು. ಉಳಿದವನ್ನು ವೈದ್ಯರು ಔಷಧದ ಮೂಲ ಹೆಸರಿನಿಂದ ಬರೆದುಕೊಟ್ಟರು, ಜನೌಷಧಿ ಅಂಗಡಿಯಲ್ಲಿ ತಂದೆವು. ಈಗ ತಿಂಗಳ ಖರ್ಚು 150. ಶೇಕಡಾ 60 ಹೋಗಿ 15 ಆಯಿತು. ಗುಳಿಗೆ ದಿನವೂ ನಡೆದಿದೆ.

ಆದ್ದರಿಂದ ಮಕ್ಕಳೇ, ಹಿರಿಯರನ್ನು ಕರೆಸಿಕೊಳ್ಳುವ ಮುನ್ನ ಆ ದೇಶದಲ್ಲಿ ಅವರ ಔಷಧಕ್ಕೆ ಯಾರು, ಎಂದಿನಿಂದ, ಎಷ್ಟು ಕೊಡುವರೆಂಬುದನ್ನು ಬರೆದಿಟ್ಟುಕೊಳ್ಳಿ. ಔಷಧದ ಹಣವನ್ನು ಅವರು ಕೇಳುವ ಮೊದಲೇ ಅವರ ಖಾತೆಗೆ ಹಾಕಿಬಿಡಿ. “ಗುಳಿಗೆ ತಗೊಂಡ್ರೇನು?” ಎಂದು ಕೇಳಿದರೆ ಎಲ್ಲ ತಂದೆತಾಯಿಯೂ ಹೌದೆನ್ನುತ್ತಾರೆ. ಈ ಸಲ ಊರಿಗೆ ಬಂದಾಗ ಡಬ್ಬಿ ತೆರೆದು ನೀವೇ ಎಣಿಸಿ ನೋಡಿ.