ಬೆಳ್ಳಿ ರೂಪಾಯಿ ಕರಗಿಸಿ ಮಾಡಿದ ಕಪ್

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋ ಊರಿನ ನಡುವೆ 'ವಾಟರ್ ಆಫ್ ಲೀತ್' ಎಂಬ ಪುಟ್ಟ ಹೊಳೆ ಹರಿಯುತ್ತದೆ. ಅದರ ದಂಡೆಯಲ್ಲಿ ಕಾಲುದಾರಿಯಿದೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳ ರಗ್ಬಿ ಪಂದ್ಯಗಳ ಕಥೆ ತಿಳಿಯಬೇಕಾದರೆ ಈ ದಾರಿಯಲ್ಲೇ ನಡೆಯಬೇಕು. ನಾನು ಹೊರಟದ್ದು ಮರ್ರೇಫೀಲ್ಡ್ ಕ್ರೀಡಾಂಗಣದಿಂದ.

ಸುಮಾರು 67 ಸಾವಿರ ಜನ ಕೂರುವ ಈ ಮೈದಾನ ಸ್ಕಾಟ್ಲೆಂಡ್ ತಂಡದ ತವರುಮನೆ. 1925ರಲ್ಲಿ ಇಲ್ಲಿ ನಡೆದ ಮೊದಲ ಪಂದ್ಯದಲ್ಲೇ ಅದು ಇಂಗ್ಲೆಂಡನ್ನು 14-11ರಿಂದ ಸೋಲಿಸಿತು. ಮಕ್ಕಳೇ, ರಗ್ಬಿ ಚೆಂಡು ದುಂಡಗಿರುವುದಿಲ್ಲ, ಮೊಟ್ಟೆಯ ಹಾಗೆ ಉದ್ದಕ್ಕಿರುತ್ತದೆ. ಒಂದೊಂದು ತಂಡದಲ್ಲಿ 15 ಜನ. ಚೆಂಡು ಹಿಡಿದು ಓಡಬಹುದು, ಆದರೆ ಜೊತೆಗಾರನಿಗೆ ಮುಂದಕ್ಕೆ ಎಸೆಯುವಂತಿಲ್ಲ!

ಹಳೆಯ ಹಿಟ್ಟಿನ ಗಿರಣಿಗಳನ್ನು ದಾಟಿ, ಎತ್ತರದ ಡೀನ್ ಸೇತುವೆಯ ಅಡಿಯಲ್ಲಿ ನುಸುಳಿ, ಸುಮಾರು ಒಂದು ಗಂಟೆ ನಡೆದರೆ ಸ್ಟಾಕ್‌ಬ್ರಿಜ್ ಬಡಾವಣೆ ಸಿಗುತ್ತದೆ. ಅಲ್ಲಿನ ರೇಬರ್ನ್ ಪ್ಲೇಸ್ ಮೈದಾನದಲ್ಲಿ 1871ರ ಮಾರ್ಚ್ 27ರಂದು ಜಗತ್ತಿನ ಮೊದಲ ಅಂತರರಾಷ್ಟ್ರೀಯ ರಗ್ಬಿ ಪಂದ್ಯ ನಡೆಯಿತು. ಆಗ ತಂಡಕ್ಕೆ 20 ಜನ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೂ ಅಂಕವಿಲ್ಲ. ಚೆಂಡನ್ನು ಗೋಲಿನ ಕಂಬಗಳ ನಡುವೆ ಒದೆಯಲು 'ಪ್ರಯತ್ನಿಸುವ' ಅವಕಾಶ ಮಾತ್ರ. ಆದ್ದರಿಂದಲೇ ಅದಕ್ಕೆ ಇಂದಿಗೂ 'ಟ್ರೈ' ಎಂದೇ ಹೆಸರು. ಆ ದಿನ ಒದೆತ ಗುರಿ ಮುಟ್ಟಿದ್ದು ಸ್ಕಾಟ್ಲೆಂಡಿನದು ಮಾತ್ರ. ಗೆಲುವೂ ಅದರದೇ.

ಈ ಪಂದ್ಯಕ್ಕೂ ನಮ್ಮ ದೇಶಕ್ಕೂ ಒಂದು ನಂಟಿದೆ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತಾದಲ್ಲಿದ್ದ ಬ್ರಿಟಿಷರು ರಗ್ಬಿ ಆಡಿದರು. ಮರು ತಿಂಗಳೇ 'ಕಲ್ಕತ್ತಾ ಫುಟ್‌ಬಾಲ್ ಕ್ಲಬ್' ಹುಟ್ಟಿತು. ಆದರೆ ಆ ಸೆಕೆಯಲ್ಲಿ ರಗ್ಬಿ ಆಡುವುದು ಸುಲಭವೇ? ಕೆಲವೇ ವರ್ಷಗಳಲ್ಲಿ ಸದಸ್ಯರು ಕಡಿಮೆಯಾಗಿ ಕ್ಲಬ್ ಬಾಗಿಲು ಹಾಕಬೇಕಾಯಿತು. ಬ್ಯಾಂಕಿನಲ್ಲಿ ಮಾತ್ರ ಹಣ ಉಳಿದಿತ್ತು. ಏನು ಮಾಡುವುದು?

ಅವರು ಅದನ್ನು ಹಂಚಿಕೊಳ್ಳಲಿಲ್ಲ. ಅಷ್ಟನ್ನೂ ಬೆಳ್ಳಿ ರೂಪಾಯಿಗಳಾಗಿ ಪಡೆದು, ಕರಗಿಸಿ, ಒಂದು ಕಪ್ ಮಾಡಿಸಿದರು. 1878ರಲ್ಲಿ ಅದನ್ನು ಇಂಗ್ಲೆಂಡಿನ ರಗ್ಬಿ ಯೂನಿಯನ್ನಿಗೆ ಕೊಟ್ಟರು. ಅಜ್ಜ ಅಜ್ಜಿಯರೇ, ನಿಮ್ಮ ದೇವರ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿಯ ಮುಖವಿರುವ ಹಳೆಯ ಬೆಳ್ಳಿ ರೂಪಾಯಿ ಇದ್ದರೆ ಮೊಮ್ಮಕ್ಕಳಿಗೆ ತೋರಿಸಿ. ಆ ಕಾಲದ ರೂಪಾಯಿ ಅಂಥದ್ದೇ.

ಕಪ್ಪಿಗೆ ಮೂರು ಹಿಡಿಗಳು. ಮೂರೂ ಹೆಡೆಯೆತ್ತಿದ ನಾಗರಹಾವುಗಳು! ಮುಚ್ಚಳದ ಮೇಲೆ ಒಂದು ಆನೆ. 1879ರಲ್ಲಿ ಇದೇ ರೇಬರ್ನ್ ಪ್ಲೇಸ್‌ನಲ್ಲಿ ಅದಕ್ಕಾಗಿ ಮೊದಲ ಸಲ ಸೆಣಸಿದಾಗ ಪಂದ್ಯ ಸಮವಾಯಿತು. ಮರುವರ್ಷ ಇಂಗ್ಲೆಂಡ್ ಗೆದ್ದಿತು. 1988ರಲ್ಲಿ ಪಂದ್ಯದ ರಾತ್ರಿ ಇಬ್ಬರು ಆಟಗಾರರು ಆ ಕಪ್ಪನ್ನು ಎಡಿನ್‌ಬರೋ ಬೀದಿಗೆ ಒಯ್ದು ಚೆಂಡಿನಂತೆ ಆಡಿ ನಜ್ಜುಗುಜ್ಜು ಮಾಡಿದರು. ಆಮೇಲೆ ಅದನ್ನು ರಿಪೇರಿ ಮಾಡಿಸಬೇಕಾಯಿತು.

ಒಟ್ಟು ಲೆಕ್ಕದಲ್ಲಿ ಇಂಗ್ಲೆಂಡಿನ ಗೆಲುವೇ ಹೆಚ್ಚು. ಲಂಡನ್ನಿನ ಟ್ವಿಕೆನ್‌ಹ್ಯಾಮ್ ಮೈದಾನದಲ್ಲಂತೂ 1983ರ ನಂತರ ಇನ್ನೊಂದು ಗೆಲುವಿಗಾಗಿ ಸ್ಕಾಟ್ಲೆಂಡ್ 2021ರವರೆಗೆ ಕಾಯಬೇಕಾಯಿತು. ಆದರೂ ಪ್ರತಿವರ್ಷ ಅದು ಹೊಸ ಹುಮ್ಮಸ್ಸಿನಿಂದ ಕಣಕ್ಕಿಳಿಯುತ್ತದೆ. ಅಂದು ಆ ಹಣವನ್ನು ಹಂಚಿಕೊಂಡಿದ್ದರೆ ಒಬ್ಬೊಬ್ಬರ ಜೇಬಿಗೆ ನಾಲ್ಕು ಕಾಸು ಬೀಳುತ್ತಿತ್ತು, ಅಷ್ಟೇ. ಈಗ ಯಾವ ತಂಡ ಗೆದ್ದರೂ ನಾಯಕನ ಕೈಗೆ ಬರುವುದು ಕಲ್ಕತ್ತಾ ಕಪ್.