ಮಾತಾಡಿದವರ ಪಟ್ಟಿ

ನೆಂಟರ ಮನೆಯ ಹುಡುಗನೊಬ್ಬನನ್ನು ಅವನ ಶಾಲೆಯಲ್ಲಿ ಮೂರನೇ ಬೆಂಚಿನಿಂದ ಎಬ್ಬಿಸಿ ಮೊದಲನೇ ಬೆಂಚಿಗೆ ಕೂರಿಸಿದ್ದಾರೆ. ಓದುವುದು ಆರನೇ ಕ್ಲಾಸು. ಹಿಂದಿನ ಬೆಂಚಿನ ಇಬ್ಬರು ದಿನಾ ಅವನ ಊಟದ ಡಬ್ಬಿ ಬಚ್ಚಿಡುವುದು, ಕೈವಾರದ ಮೊನೆಯಲ್ಲಿ ಬೆನ್ನಿಗೆ ಚುಚ್ಚುವುದು, ತುಸು ತೊದಲುವ ಅವನ ಮಾತನ್ನು ಅಣಕಿಸುವುದು ನಡೆದಿತ್ತು. ಅವನಮ್ಮ ಹೋಗಿ ಹೇಳಿಕೊಂಡಿದ್ದಕ್ಕೆ ಸಿಕ್ಕ ನ್ಯಾಯ ಇದು. ಚುಚ್ಚಿದವರು ಕೂತಲ್ಲೇ ಕೂತಿದ್ದಾರೆ, ಚುಚ್ಚಿಸಿಕೊಂಡವನಿಗೆ ವರ್ಗಾವಣೆ. "ಇನ್ನು ನಮ್ಮ ಕಣ್ಣೆದುರೇ ಇರ್ತಾನಲ್ಲ, ಯೋಚನೆ ಮಾಡ್ಬೇಡಿ" ಅಂದರಂತೆ. ಕಣ್ಣೆದುರು ಇರಬೇಕಾಗಿದ್ದವರು ಯಾರು ಎಂದು ಆಕೆ ಕೇಳಲಿಲ್ಲ. ಇನ್ನೂ ಎರಡು ವರ್ಷ ಮಗ ಅಲ್ಲೇ ಓದಬೇಕಲ್ಲ.

ನಾಲ್ಕನೇ ಕ್ಲಾಸಿನವರೆಗೆ ಮಕ್ಕಳ ಜಗಳ ಬಟ್ಟಬಯಲು. "ಮಿಸ್, ಇವ್ನು ಹೊಡ್ದ" ಎಂದು ಅಳುತ್ತ ಓಡಿಬರುತ್ತವೆ, ಮರುಗಳಿಗೆ ಅವನ ಜೊತೆಗೇ ಆಡುತ್ತಿರುತ್ತವೆ. ಆರಕ್ಕೆ ಬಂದ ಮೇಲೆ ಓಡಿಬರುವುದು ನಿಲ್ಲುತ್ತದೆ. ಚಾಡಿಕೋರ ಅನ್ನಿಸಿಕೊಳ್ಳುವುದಕ್ಕಿಂತ ಕೈವಾರವೇ ವಾಸಿ ಎಂದು ಹನ್ನೊಂದರ ಹುಡುಗ ಲೆಕ್ಕ ಹಾಕಿರುತ್ತಾನೆ. ಶಾಲೆಗೆ ಮಾತ್ರ ಎಲ್ಲ ಸುಸೂತ್ರವಾಗಿದೆ ಅನ್ನಿಸುತ್ತಿರುತ್ತದೆ, ಯಾಕೆಂದರೆ ಕ್ಲಾಸಿನಲ್ಲಿ ಗಲಾಟೆ ಇಲ್ಲ.

ಈ ಗಲಾಟೆಯ ಲೆಕ್ಕ ಇಡಲು ನಮ್ಮಲ್ಲೊಬ್ಬ ಅಧಿಕಾರಿ ಇದ್ದಾನೆ. ಮೇಷ್ಟ್ರು ಆಫೀಸ್ ರೂಮಿಗೆ ಹೊರಟರೆಂದರೆ ಇವನ ಕೈಗೆ ಸೀಮೆಸುಣ್ಣ ಬಂತು. ಮಾನಿಟರ್! ಬೋರ್ಡಿನ ಮೂಲೆಯಲ್ಲಿ "ಮಾತಾಡಿದವರು" ಎಂದು ಬರೆದು, ಕೆಳಗೆ ಗೆರೆ ಎಳೆದು, ಹೆಸರು ಸೇರಿಸುತ್ತ ಹೋಗುವುದು ಅವನ ಕೆಲಸ. ಹೆಸರು ಬಿದ್ದ ಮೇಲೂ ಮಾತಾಡಿದರೆ ಪಕ್ಕಕ್ಕೊಂದು ಪ್ಲಸ್. "ಯಾಕೋ ನನ್ ಹೆಸ್ರು ಬರ್ದೆ?" ಎಂದು ಕೇಳಿದ್ದಕ್ಕೆ ಇನ್ನೊಂದು ಪ್ಲಸ್. ಮೇಷ್ಟ್ರು ಬಂದ ಮೇಲೆ ಪ್ಲಸ್ಸಿಗೊಂದರಂತೆ ಏಟೋ ಐದರಂತೆ ಬಸ್ಕಿಯೋ ನಡೆಯುತ್ತಿತ್ತು. ಮೇಲ್ಮನವಿಗೆ ಅವಕಾಶವಿರಲಿಲ್ಲ. ಲಂಚಕ್ಕೆ ಧಾರಾಳವಾಗಿ ಇತ್ತು. ನಮ್ಮ ಕಾಲದಲ್ಲಿ ಒಂದು ಬೆಟ್ಟದ ನೆಲ್ಲಿಕಾಯಿಗೆ ಒಂದು ಪ್ಲಸ್ ಅಳಿಸುತ್ತಿತ್ತು, ಎರಡು ಮೂರಾದರೆ ಹೆಸರೇ ಮಾಯವಾಗುತ್ತಿತ್ತು. ಶಾಲೆಯ ಸಮಾಜ ವಿಜ್ಞಾನದ ಪುಸ್ತಕದಿಂದ ಸರ್ಕಾರದ ಬಗ್ಗೆ ನಾವು ಕಲಿತದ್ದು ಅಷ್ಟಕ್ಕಷ್ಟೆ. ಉಳಿದದ್ದನ್ನು ಬೋರ್ಡಿನ ಆ ಮೂಲೆ ಕಲಿಸಿತು.

ಈ ಮಾನಿಟರನ ವಂಶಾವಳಿ ಮಜವಾಗಿದೆ. ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥ ಹುಡುಗರ ಶಾಲೆಯ ಮುಖ್ಯಸ್ಥನಾದ. ಅಲ್ಲಿನ ಜಗಲಿ ಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದನ್ನೂ, ಕಲಿತ ಹುಡುಗ ಕಲಿಯದವನಿಗೆ ಹೇಳಿಕೊಡುವುದನ್ನೂ ಕಂಡ. ಅದನ್ನೇ ತನ್ನ ಶಾಲೆಗೆ ತಂದು, 1797ರಲ್ಲಿ ಲಂಡನ್ನಿನಲ್ಲಿ ಅದರ ಮೇಲೊಂದು ಪುಸ್ತಕ ಪ್ರಕಟಿಸಿದ. ಇಂಗ್ಲೆಂಡಿನಲ್ಲಿ ಅದು ಮದರಾಸ್ ಪದ್ಧತಿ ಎಂದೇ ಹೆಸರಾಯಿತು. ನಮ್ಮ ಕೂಲಿಮಠಗಳಲ್ಲೂ ಚಿಕ್ಕವರಿಗೆ ಮಗ್ಗಿ ಹೇಳಿಸುತ್ತಿದ್ದವನು ದೊಡ್ಡ ಹುಡುಗನೇ. ಅಂದರೆ ಮಾನಿಟರನ ಮೂಲ ಕಸುಬು ಪಕ್ಕದವನಿಗೆ ಪಾಠ ಹೇಳುವುದು. ಪಾಠ ಹೇಳುವ ಕೆಲಸ ದಾರಿಯಲ್ಲೆಲ್ಲೋ ಕಳಚಿ ಬಿತ್ತು, ಬರೀ ಪೊಲೀಸುಗಿರಿ ಉಳಿಯಿತು.

ಪೊಲೀಸುಗಿರಿಯಾದರೂ ನೆಟ್ಟಗಿದೆಯೇ? ಚುಚ್ಚುವವನು ಸದ್ದು ಮಾಡುವುದಿಲ್ಲ. "ಅಮ್ಮಾ" ಎಂದು ಕಿರುಚುವವನು ಚುಚ್ಚಿಸಿಕೊಂಡವನು. ಬೋರ್ಡಿಗೆ ಹತ್ತುವುದು ಅವನ ಹೆಸರೇ. ಸುಮ್ಮನೆ ಕೂತು ತೊಡೆ ಚಿವುಟುವವನಿಗೆ ಏಳನೇ ಕ್ಲಾಸು ಮುಗಿಯುವವರೆಗೂ ಒಂದೂ ಪ್ಲಸ್ ಬೀಳುವುದಿಲ್ಲ. ನಡತೆ: ಉತ್ತಮ. ಒಬ್ಬಳ ಜೊತೆ ಯಾರೂ ಮಾತಾಡಬಾರದು ಎಂದು ಹುಡುಗಿಯರ ಗುಂಪೊಂದು ತೀರ್ಮಾನಿಸಿತು ಅನ್ನಿ, ಆ ಕ್ಲಾಸಿನಷ್ಟು ಶಿಸ್ತಿನ ಕ್ಲಾಸು ಇನ್ನೊಂದಿರಲಾರದು. ಮಾತಾಡಿದವರ ಪಟ್ಟಿ ಇದೆ, ಮಾತು ಬಿಟ್ಟವರ ಪಟ್ಟಿ ಇಲ್ಲ.

ಇನ್ನು ನಗುವವರು. ತೊದಲುವ ಹುಡುಗ ಪಾಠ ಓದಲು ಎದ್ದು ನಿಂತಾಗ ಅಣಕಿಸುವವರು ಇಬ್ಬರೇ, ನಗುವುದು ಇಡೀ ಕ್ಲಾಸು. ಆ ನಗು ಇಲ್ಲದಿದ್ದರೆ ಇಬ್ಬರ ಆಟ ವಾರವೂ ನಡೆಯದು. ಫಿನ್‌ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟೀನಾ ಸಾಲ್ಮಿವಾಲಿ ಹಿಡಿದದ್ದು ಈ ಎಳೆಯನ್ನೇ. ಕಾಡುವವನ ಸುತ್ತ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಮುಖ ತಿರುಗಿಸುವವರು ಇರುತ್ತಾರೆ, ಪರವಹಿಸುವವರೂ ಇರುತ್ತಾರೆ ಎಂದು 1996ರಲ್ಲೇ ಬಿಡಿಸಿ ತೋರಿಸಿದ ಗುಂಪು ಆಕೆಯದು. ಅಲ್ಲಿಂದ ಬೆಳೆದ ಕೀವಾ ಎಂಬ ಕಾರ್ಯಕ್ರಮದಲ್ಲಿ ಶಾಲೆಯ ದೊಡ್ಡವರು ಕಾಡಿದವರನ್ನು ಕರೆದು ಮಾತಾಡುತ್ತಾರೆ. ಅದರ ಜೊತೆಗೆ, ಕ್ಲಾಸಿನಲ್ಲಿ ನಾಲ್ಕು ಜನ ಮೆಚ್ಚುವ ಕೆಲವು ಮಕ್ಕಳನ್ನು ಬೇರೆಯಾಗಿ ಕರೆದು, ನೊಂದವನ ಪಕ್ಕ ನಿಲ್ಲಿ ಎನ್ನುತ್ತಾರೆ. ನೊಂದವನನ್ನು ಮೊದಲ ಬೆಂಚಿಗೆ ಎಳೆಯುವುದಿಲ್ಲ, ಅವನಿದ್ದಲ್ಲಿಗೆ ಗೆಳೆಯರನ್ನು ಕಳಿಸುತ್ತಾರೆ. ಅಲ್ಲೂ ಚಿಕ್ಕ ಮಕ್ಕಳಲ್ಲಿ ಫಲಿಸಿದಷ್ಟು ಏಳು ಎಂಟನೇ ಕ್ಲಾಸಿನವರಲ್ಲಿ ಫಲಿಸಲಿಲ್ಲವಂತೆ. ಆ ವಯಸ್ಸು ಎಲ್ಲ ದೇಶದಲ್ಲೂ ಅಷ್ಟೇ.

ನಮ್ಮಲ್ಲಿ ಕಾಗದಕ್ಕೇನೂ ಬರವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಆದರೆ ಅದು ಹೇಳುವ ಶಿಸ್ತುಕ್ರಮ ನೌಕರರ ಸೇವಾ ನಿಯಮದ ಪ್ರಕಾರ ನಡೆಯುವಂಥದ್ದು. ಹಿಂದಿನ ಬೆಂಚಿನವನಿಗೆ ಎಲ್ಲಿಯ ಸೇವಾ ನಿಯಮ? ಮಕ್ಕಳೇ ಮಕ್ಕಳನ್ನು ಕಾಡುವುದನ್ನು ತಡೆಯಲು ಶಾಲೆಗೊಂದು ಸಮಿತಿ ಇರಲಿ ಎಂದು ಸಿಬಿಎಸ್‌ಇ 2015ರಲ್ಲಿ ಸುತ್ತೋಲೆ ಹೊರಡಿಸಿತು. ಎಷ್ಟೋ ಕಡೆ ದೂರು ಪೆಟ್ಟಿಗೆಯೂ ಇದೆ, ಎಲ್ಲರಿಗೂ ಕಾಣುವ ಹಾಗೆ, ಆಫೀಸಿನ ಬಾಗಿಲ ಪಕ್ಕದಲ್ಲೇ. ಅದರೊಳಗೆ ಚೀಟಿ ಹಾಕುವ ಧೈರ್ಯವಿದ್ದ ಮಗುವಿಗೆ ಆ ಪೆಟ್ಟಿಗೆಯ ಅಗತ್ಯವೇ ಇರಲಾರದು. ರಾತ್ರಿ ಹಗಲೆನ್ನದೆ ನಡೆಯುವ 1098 ಸಹಾಯವಾಣಿ ಇದೆ. ಅದರ ನಂಬರ್ ಮಕ್ಕಳಿಗಿಂತ ಗೋಡೆಗಳಿಗೆ ಚೆನ್ನಾಗಿ ಗೊತ್ತು.

ಅಡ್ಡಹೆಸರಿನ ಮಾತು ಬಿಟ್ಟೇ ಹೋಯಿತು. ಕಡ್ಡಿ, ಡುಮ್ಮ, ಕರಿಯ, ಸೋಡಾಬುಡ್ಡಿ: ಇವನ್ನೆಲ್ಲ ಕಟ್ಟಿದವರು ಮಕ್ಕಳು ಎಂದುಕೊಂಡಿರುತ್ತೇವೆ. ನೆನಪು ಕೆದಕಿ ನೋಡಿ. ಹಾಜರಿ ಕರೆಯುವಾಗ "ಏನೋ ಕಡ್ಡಿಪೈಲ್ವಾನ್, ಬಂದ್ಯಾ?" ಎಂದು ಮೊದಲು ಕೇಳಿದವರು ಯಾರು? ಪಾಪ, ಪ್ರೀತಿಗೇ ಅಂದಿರುತ್ತಾರೆ. ಆದರೆ ಮೇಷ್ಟ್ರ ಬಾಯಿಂದ ಒಮ್ಮೆ ಬಿದ್ದ ಹೆಸರಿಗೆ ಸರ್ಕಾರಿ ಮೊಹರು ಬಿದ್ದ ಹಾಗೆ. ಆಮೇಲೆ ಅದನ್ನು ಅಳಿಸಲು ಯಾವ ನೆಲ್ಲಿಕಾಯಿಯೂ ಸಾಲದು.

ನಮ್ಮ ಎದುರು ಮನೆಯ ಹುಡುಗಿ ಈ ವರ್ಷ ಏಳನೇ ಕ್ಲಾಸಿಗೆ ಮಾನಿಟರ್ ಆಗಿದ್ದಾಳೆ. ಬ್ಯಾಡ್ಜ್ ತೋರಿಸಲು ಬಂದಿದ್ದಳು. ಬೋರ್ಡಿನ ಮೇಲೆ ಈಗಲೂ ಹೆಸರು ಬರೆಯುತ್ತೀರಾ ಎಂದು ಕೇಳಿದೆ. ಬರೆಯುತ್ತಾರಂತೆ. ಪ್ಲಸ್ಸೂ ಹಾಗೇ ಇದೆಯಂತೆ.

"ಒಂದು ದಿನ ಮಾತಾಡಿದವರನ್ನ ಬಿಟ್ಟು, ಯಾರಿಗಾದ್ರೂ ನೋವಾದಾಗ ನಕ್ಕವರ ಹೆಸರು ಬರೆದು ನೋಡಮ್ಮ" ಎಂದೆ.

ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.

"ಬೋರ್ಡ್ ಸಾಲಲ್ಲ ಅಂಕಲ್" ಅಂದಳು. "ಮಿಸ್ ಹೆಸ್ರೂ ಬರೀಬೇಕಾಗತ್ತೆ."