ಸುಮ್ಮನಿದ್ದ ಗಾಳ

ನನ್ನ ಗ್ಯಾರೇಜಿನಲ್ಲಿ, ಕಾರಿಗೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ನಡುವಿನ ಸಂದಿಯಲ್ಲಿ, ಒಂದು ಪೆಟ್ಟಿಗೆಯಿದೆ. ಮುಚ್ಚಳ ಎತ್ತಿದರೆ ಒಳಗಿನ ಮೂರು ತಟ್ಟೆಗಳು ತಾವಾಗಿ ಮೇಲೆದ್ದು, ದಸರಾ ಗೊಂಬೆ ಕೂರಿಸುವ ಮೆಟ್ಟಿಲುಗಳ ಹಾಗೆ ಒಂದರ ಹಿಂದೊಂದು ನಿಲ್ಲುತ್ತವೆ. ಪಟ್ಟದ ಗೊಂಬೆಗಳ ಜಾಗದಲ್ಲಿ ಮೀನುಗಳಿವೆ. ಮರದವು, ಪ್ಲಾಸ್ಟಿಕ್ಕಿನವು, ತಗಡಿನವು. ಹೊಟ್ಟೆಯೊಳಗೆ ಗುಂಡುಗಳನ್ನು ತುಂಬಿಕೊಂಡು ತೊಟ್ಟಿಲ ಗಿಲಕಿಯಂತೆ ಸದ್ದು ಮಾಡುವವು. ಎರಡು ರಬ್ಬರ್ ಕಪ್ಪೆಗಳು, ಲಂಗ ಉಟ್ಟ ಒಂದು ಸೀಗಡಿ, ಯಾವ ಪ್ರಾಣಿಯೆಂದು ಅದನ್ನು ಮಾಡಿದವನಿಗೂ ಗೊತ್ತಿರಲಾರದ ಇನ್ನೊಂದು. ರಾತ್ರಿ ಊಟವಾದ ಮೇಲೆ ನಾನು ಮೆಲ್ಲಗೆ ಅತ್ತ ಹೊರಟರೆ ಹೆಂಡತಿ ಕೇಳುತ್ತಾಳೆ: "ಎಲ್ಲಿಗ್ರೀ?"

"ಸುಮ್ನೆ."

ಕನ್ನಡದಲ್ಲಿ ಇದಕ್ಕಿಂತ ಪೂರ್ಣವಾದ ಉತ್ತರ ಇನ್ನೊಂದಿಲ್ಲ. ಯಾಕೆ ಬಂದೆ ಎಂದರೆ ಸುಮ್ನೆ, ಯಾಕೆ ನಕ್ಕೆ ಎಂದರೆ ಸುಮ್ನೆ. ಮುಂದೆ ಪ್ರಶ್ನೆ ಕೇಳುವ ಹಾಗಿಲ್ಲ. ಡಲ್ಲಾಸಿನ ಉತ್ತರದ ಬಡಾವಣೆಯೊಂದರಲ್ಲಿ ಕೂತು ವಾರವಿಡೀ ಪ್ರತಿ ಗಂಟೆಗೂ ಲೆಕ್ಕ ಒಪ್ಪಿಸುವ ನನ್ನಂಥವನಿಗೆ ಈ ಎರಡಕ್ಷರ ತವರಿನಿಂದ ತಂದ ಉಪ್ಪಿನಕಾಯಿ ಜಾಡಿಯಿದ್ದ ಹಾಗೆ. ದಿನಕ್ಕೊಂದು ಹೋಳು ಸಾಕು.

ನಾನು ಮೀನುಗಾರನಲ್ಲ. ಮೀನುಗಾರ ಎಂದರೆ ಮೀನು ಇರಬೇಕು. ನನ್ನಂಥವರಿಗೆ ನಾನೇ ಒಂದು ಪದ ಕಟ್ಟಿಕೊಂಡಿದ್ದೇನೆ: ಗಾಳಿಗ. ಗಾಳ ಹಾಕುವವನು ಗಾಳಿಗ. ಕೈಗೆ ಹತ್ತುವುದು ಬಹುಮಟ್ಟಿಗೆ ಗಾಳಿಯೇ ಆದ್ದರಿಂದ ಎರಡೂ ಅರ್ಥಕ್ಕೆ ಸಲ್ಲುತ್ತದೆ. ಹಿಡಿಯಲು ಹೊರಡುವ ಮೀನಿನ ಹೆಸರು ಬ್ಯಾಸ್. ಬೇಸರವನ್ನು ಬ್ಯಾಸರ, ಬೇಸಿಗೆಯನ್ನು ಬ್ಯಾಸಗಿ ಎನ್ನುವ ಧಾರವಾಡದ ಗೆಳೆಯನೊಬ್ಬ ಇಲ್ಲಿದ್ದಾನೆ. "ಬ್ಯಾಸಗ್ಯಾಗ ಬ್ಯಾಸರ ಕಳಿಯಾಕ ಬ್ಯಾಸ್ ಹಿಡೀತಿ ಅನ್ನು" ಎಂದು ಅವನು ನನ್ನ ಇಡೀ ಹವ್ಯಾಸವನ್ನು ಒಂದು ಸಾಲಿಗೆ ಇಳಿಸಿಬಿಟ್ಟ. ಅಸಲಿಗೆ ಇದರ ಪೂರ್ತಿ ಹೆಸರು ದೊಡ್ಡಬಾಯಿಯ ಬ್ಯಾಸ್. ಬಾಯಿಯ ಕೊನೆ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗುತ್ತದೆ. ತೆರೆದರೆ ಒಳಗೊಂದು ಕಿತ್ತಳೆಹಣ್ಣು ಸಲೀಸಾಗಿ ಹೋದೀತು. ಊರಿಗೊಬ್ಬ ದೊಡ್ಡಬಾಯಿಯವನು ಇರುತ್ತಾನಲ್ಲ, ಕೆರೆಗೆ ಇದು.

ತುಂಗೆಗೆ ಸೇರುವ ಹಳ್ಳವೊಂದರ ದಂಡೆಯಲ್ಲಿ ನಾನು ಹುಡುಗನಾಗಿದ್ದಾಗ ನಮ್ಮ ಸಲಕರಣೆ ಇಷ್ಟೇ: ಒಂದು ವಾಟೆ ಕೋಲು, ಎರಡು ಮಾರು ನೈಲಾನ್ ದಾರ, ಬೆಂಡಿಗೆ ಹರಿದ ಹವಾಯಿ ಚಪ್ಪಲಿಯ ತುಂಡು, ಭಾರಕ್ಕೆ ಸೈಕಲ್ಲಿನ ನಟ್ಟು, ತೆಂಗಿನ ಗರಟದಲ್ಲಿ ಒಂದು ಹಿಡಿ ಮಣ್ಣು, ಮಣ್ಣಿನಲ್ಲಿ ಗೊಬ್ಬರಗುಂಡಿಯ ಎರೆಹುಳ. ಹುಳಕ್ಕೆ ಬಣ್ಣ ಆರಿಸುವ ಪ್ರಶ್ನೆಯೇ ಇರಲಿಲ್ಲ. ಹುಳದ ಬಣ್ಣ ಹುಳದ್ದು.

ಇಲ್ಲಿ ಹಾಗಲ್ಲ. 1949ರಲ್ಲಿ ಒಹಾಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ ನಿಕ್ ಕ್ರೀಮ್ ಎಂಬಾತ ಮೆತ್ತನೆಯ ಪ್ಲಾಸ್ಟಿಕ್ ಎರೆಹುಳವನ್ನು ಅಚ್ಚು ಹೊಯ್ದ. ಅಂದಿನಿಂದ ಹುಳಕ್ಕೆ ಕುಲವೂ ಇಲ್ಲ, ಲೆಕ್ಕವೂ ಇಲ್ಲ. ಅಂಗಡಿಯ ಗೋಡೆಯ ಮುಂದೆ ನಿಂತರೆ ಬಣ್ಣಗಳ ಹೆಸರೇ ಒಂದು ಸಂತೆ: ಹಸಿರು ಕುಂಬಳ, ಕೆಂಪು ಮಿನುಗಿನ ಕಲ್ಲಂಗಡಿ, ಜೂನ್ ತಿಂಗಳ ಜೀರುಂಡೆ, ಬಬಲ್‌ಗಮ್, ಬೊಂಬಾಯಿ ಮಿಠಾಯಿ. ಒಂದಕ್ಕೆ ಮೋಟಾರ್ ಆಯಿಲ್ ಎಂದೇ ಹೆಸರು. ಮೀನಿನ ಹೊಟ್ಟೆಗೆ ಯಾವ ಜನ್ಮದ ಹಸಿವು ಕೆರಳಿದರೆ ಅದು ಮೋಟಾರ್ ಆಯಿಲ್ ಬಯಸುತ್ತದೋ ನಾನರಿಯೆ. ನಾನಂತೂ ಎರಡು ಪೊಟ್ಟಣ ಕೊಂಡೆ. ಪೊಟ್ಟಣ ಬಿಚ್ಚಿದರೆ ಗಮ್ಮೆಂದು ಅಡುಗೆಮನೆಯ ವಾಸನೆ. ಮೀನು ಕಚ್ಚಿದ ಮೇಲೆ ಉಗುಳದಿರಲಿ ಎಂದು ಈ ಹುಳಗಳಿಗೆ ಉಪ್ಪು ಬೆರೆಸುತ್ತಾರೆ, ಕೆಲವಕ್ಕೆ ಬೆಳ್ಳುಳ್ಳಿ, ಕೆಲವಕ್ಕೆ ಸೋಂಪು. "ಒಗ್ಗರಣೆ ಒಂದು ಬಾಕಿ" ಎಂದಳು ಹೆಂಡತಿ, ಮೂಗು ಮುಚ್ಚಿಕೊಂಡು.

ಒಗ್ಗರಣೆಯನ್ನು ಟೆಕ್ಸಸ್ಸಿನ ಬಿಸಿಲೇ ಹಾಕಿತು. ಮೊದಲ ವರ್ಷ ನಾನು ಎಲ್ಲ ಬಣ್ಣದ ಹುಳಗಳನ್ನೂ ಒಂದೇ ಡಬ್ಬಿಯಲ್ಲಿ ಸುರಿದು ಗ್ಯಾರೇಜಿನಲ್ಲಿಟ್ಟಿದ್ದೆ. ಮೆತ್ತನೆಯ ಪ್ಲಾಸ್ಟಿಕ್ಕಿಗೂ ಕೆಲವು ಗಟ್ಟಿ ಪ್ಲಾಸ್ಟಿಕ್ಕಿಗೂ ಆಗಿಬರುವುದಿಲ್ಲವೆಂದು, ಹುಳವನ್ನು ಮೆತ್ತಗಿಡುವ ಎಣ್ಣೆಯಂಥ ದ್ರವ್ಯ ಡಬ್ಬಿಯನ್ನೇ ಕರಗಿಸಬಲ್ಲದೆಂದು ಆಗ ಯಾರು ಹೇಳಬೇಕು? ಆಗಸ್ಟಿನಲ್ಲಿ ಮುಚ್ಚಳ ತೆರೆದರೆ ಕುಂಬಳ, ಕಲ್ಲಂಗಡಿ, ಜೀರುಂಡೆ, ಮಿಠಾಯಿ ಎಲ್ಲ ಬಣ್ಣ ಬಿಟ್ಟುಕೊಂಡು, ಅಪ್ಪಿಕೊಂಡು, ಡಬ್ಬಿಯ ತಳಕ್ಕೆ ಅಂಟಿ ಒಂದೇ ಮುದ್ದೆಯಾಗಿದ್ದವು. ಇಂಥ ಐಕ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುದ್ದೆ ಎಂದಾಗ ನೆನಪಾಯಿತು. ನಮ್ಮ ಕಾವೇರಿಯ ಭೀಮೇಶ್ವರಿಯ ಕಡೆ ಮಹಶೀರ್ ಹಿಡಿಯಲು ದೇಶದೇಶಗಳಿಂದ ಗಾಳಿಗರು ಬರುತ್ತಿದ್ದ ಕಾಲದಲ್ಲಿ, ಅಲ್ಲಿನ ಹೆಸರಾಂತ ಎರೆ ಬೇಯಿಸಿದ ರಾಗಿ ಮುದ್ದೆಯೇ ಆಗಿತ್ತು. ಉಣ್ಣುವವನಿಗೂ ಮೀನಿಗೂ ಒಂದೇ ಅಡುಗೆ, ಬೇರೆ ಬೇರೆ ಬಡಿಸಬೇಕಾಗಿಲ್ಲ. ಆ ಸಮಾನತೆ ಬ್ಯಾಸಿನ ಲೋಕದಲ್ಲಿಲ್ಲ. ಇಲ್ಲಿ ಮೀನಿಗೆ ನೀಡುವುದು ಊಟವಲ್ಲ, ಊಟದ ವೇಷ. ಅದಕ್ಕೇ ನಾನು ಇವುಗಳನ್ನು ಹುಸಿಮೀನು ಎನ್ನುತ್ತೇನೆ.

ಈ ಹುಸಿಮೀನುಗಳ ಹುಟ್ಟಿನ ಕತೆಗಳನ್ನು ಕೇಳುತ್ತಾ ಹೋದಂತೆ ನನಗೊಂದು ಗುಮಾನಿ. ಇವುಗಳಲ್ಲಿ ಎಷ್ಟೋ ಹುಟ್ಟಿದ್ದು ಕೆಲಸದ ಹೊತ್ತಿನಲ್ಲಲ್ಲ, ಸುಮ್ಮನಿದ್ದ ಹೊತ್ತಿನಲ್ಲಿ. ಜೂಲಿಯೋ ಬ್ಯುಯೆಲ್ ಎಂಬಾತ ವರ್ಮಾಂಟಿನ ಸರೋವರದಲ್ಲಿ ದೋಣಿಯ ಮೇಲೆ ಕೂತು ಉಣ್ಣುತ್ತಿದ್ದನಂತೆ. ಕೈಯ ಚಮಚ ಜಾರಿ ನೀರಿಗೆ ಬಿತ್ತು. ಫಳಫಳ ಹೊರಳುತ್ತಾ ಮುಳುಗುತ್ತಿದ್ದ ಅದನ್ನು ಒಂದು ಮೀನು ಬಂದು ಹಿಡಿಯಿತು. ಬೇರೆಯವರಾದರೆ ಚಮಚ ಹೋಯಿತಲ್ಲ ಎಂದು ಪೇಚಾಡುತ್ತಿದ್ದರು; ಇವನು ಮನೆಗೆ ಹೋಗಿ ಇನ್ನೊಂದು ಚಮಚದ ಹಿಡಿ ಕತ್ತರಿಸಿ ಕೊಕ್ಕೆ ಬೆಸೆದ. 1852ರಲ್ಲಿ ಪೇಟೆಂಟೂ ಬಂತು. ಮಿಷಿಗನ್ನಿನ ಡೋವಾಜಿಯಾಕ್ ಎಂಬ ಊರಿನಲ್ಲಿ, 19ನೆಯ ಶತಮಾನದ ಕೊನೆಗೆ, ಜೇಮ್ಸ್ ಹೆಡನ್ ಗಿರಣಿಯ ಕೊಳದ ಬಳಿ ಗೆಳೆಯನಿಗಾಗಿ ಕಾಯುತ್ತಾ ಸುಮ್ಮನೆ ಕಡ್ಡಿಯೊಂದನ್ನು ಕೆತ್ತುತ್ತಿದ್ದನಂತೆ. ಕೆತ್ತಿ ನೀರಿಗೆಸೆದ. ಬ್ಯಾಸೊಂದು ಎಗರಿ ಬಂದು ಅದನ್ನು ಮೇಲಕ್ಕೆ ಹಾರಿಸಿತು. ಆ ಗೆಳೆಯ ಹೇಳಿದ ಹೊತ್ತಿಗೆ ಬಂದಿದ್ದರೆ ಅಮೆರಿಕದ ಹೆಸರಾಂತ ಗಾಳದ ಕಂಪನಿಯೊಂದು ಹುಟ್ಟುತ್ತಿರಲಿಲ್ಲ. ಹೇಳಿದ ಹೊತ್ತಿಗೆ ಬಾರದ ಗೆಳೆಯರು ನನಗೂ ಬೇಕಾದಷ್ಟಿದ್ದಾರೆ. ಕಡ್ಡಿ ಕೆತ್ತುವುದನ್ನು ಮಾತ್ರ ನಾನು ಕಲಿಯಲಿಲ್ಲ.

ಇನ್ನೊಂದು ಗುಮಾನಿಯೂ ಉಂಟು. ಒಳ್ಳೆಯ ಹುಸಿಮೀನಿಗೆ ನೆಟ್ಟಗೆ ನಡೆಯಲು ಬರಬಾರದು. ಫಿನ್ಲೆಂಡಿನ ಲಾರಿ ರಾಪಲ ಬಡ ಬೆಸ್ತ. ದೋಣಿಯಲ್ಲಿ ಕೂತು ನೀರನ್ನು ನೋಡುತ್ತಾ ಅವನು ಕಂಡುಕೊಂಡದ್ದು ಇಷ್ಟು: ನೂರು ಮರಿಮೀನುಗಳ ಗುಂಪಿನಲ್ಲಿ ದೊಡ್ಡ ಮೀನು ಹುಡುಕಿ ಹಿಡಿಯುವುದು ಗಾಯಗೊಂಡು ಓಲಾಡುವ ಒಂದನ್ನು. 1936ರಲ್ಲಿ ಅವನು ಬೆಂಡಿನ ತುಂಡನ್ನು ಮೋಚಿಯ ಚಾಕುವಿನಿಂದ ಕೆತ್ತಿ, ಚಾಕೊಲೇಟಿಗೆ ಸುತ್ತಿದ್ದ ಬೇಗಡೆಯನ್ನು ಹೊದಿಸಿ, ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ವಾರ್ನಿಶ್ ಬಳಿದ. ಅದರ ಸಂತತಿಯೊಂದು ನನ್ನ ಮೇಲಿನ ತಟ್ಟೆಯಲ್ಲಿದೆ. ಅಂಗೈಯಲ್ಲಿಟ್ಟರೆ ಹೂವಿನಷ್ಟು ಹಗುರ, ಗದ್ದದಡಿ ಉಗುರಿನಷ್ಟು ಪಾರದರ್ಶಕ ನಾಲಿಗೆ. ದಾರ ಎಳೆದಾಗ ನೀರು ಆ ನಾಲಿಗೆಗೆ ಬಡಿದು ಇಡೀ ಮೈಯನ್ನು ಎಡಬಲಕ್ಕೆ ತೊನೆಸುತ್ತದೆ. ಅಂದರೆ ಅವನು ಕೆತ್ತಿದ್ದು ಮೀನನ್ನಲ್ಲ, ಕುಂಟನ್ನು. ನೀರಿನ ಮೇಲೆ ಬಳುಕುತ್ತಾ ಬರುವ ಜಾರಾ ಎಂಬ ಇನ್ನೊಂದು ಗಾಳಕ್ಕೆ ಫ್ಲಾರಿಡಾದ ಪೆನ್ಸಕೋಲಾದ ಒಂದು ಬೀದಿಯ ಹೆಸರಿದೆ. ಅದು ಎಂಥ ಬೀದಿ, ಅಲ್ಲಿ ಯಾರು ಬಳುಕುತ್ತಿದ್ದರು ಎಂಬುದನ್ನು ಮನೆಯಲ್ಲಿ ನಾನಿನ್ನೂ ವಿವರಿಸಿಲ್ಲ.

ಮೀನಿನ ಹೆಸರಿನಲ್ಲೂ ಊನವೇ ಕೂತಿದೆ. 1802ರಲ್ಲಿ ಪ್ಯಾರಿಸ್ಸಿನ ಲಾಸೆಪೇದ್ ಎಂಬ ವಿದ್ವಾಂಸನಿಗೆ ಸಿಕ್ಕ ಮಾದರಿಯ ಬೆನ್ನಿನ ಈಜುರೆಕ್ಕೆ ಹರಿದಿತ್ತು. ಹಿಂದೆ ಉಳಿದ ಚೂರನ್ನೇ ಬೇರೊಂದು ಪುಟ್ಟ ರೆಕ್ಕೆ ಎಂದು ತಿಳಿದು ಅವನು ಈ ಕುಲಕ್ಕೆ ಮೈಕ್ರಾಪ್ಟೆರಸ್, ಅಂದರೆ ಕಿರುರೆಕ್ಕೆ, ಎಂದು ಹೆಸರಿಟ್ಟ. ಇನ್ನೂರು ವರ್ಷ ದಾಟಿದರೂ ಹೆಸರು ಹಾಗೇ ಇದೆ. ಶಾಲೆಯಲ್ಲಿ ಒಮ್ಮೆ ಜಾರಿ ಬಿದ್ದವನಿಗೆ ಕೊನೆತನಕ ಜಾರುಬಂಡೆ ಎಂದು ಹೆಸರು ಅಂಟುವುದಿಲ್ಲವೇ.

ಇಷ್ಟೆಲ್ಲ ಕುಂಟುಗಳನ್ನು ಕೂಡಿಹಾಕಿದ ನನಗೆ ಅವನ್ನು ನೀರಿಗೆಸೆಯಲು ನೆಟ್ಟಗೆ ಬಂದೀತೇ? ಬ್ಯಾಸಿನವರ ಪ್ರತಿಷ್ಠೆಯ ರೀಲಿಗೆ ಬೇಟ್‌ಕ್ಯಾಸ್ಟರ್ ಎಂದು ಹೆಸರು. ಗಾಳ ಹಾರುವಾಗ ದಾರದುಂಡೆ ತಾನೂ ತಿರುಗುತ್ತದೆ. ಗಾಳ ನಿಧಾನಿಸಿದರೂ ಉಂಡೆ ನಿಧಾನಿಸದಿದ್ದರೆ, ಹೆಬ್ಬೆರಳಿಂದ ಅದನ್ನು ತಡೆಯದಿದ್ದರೆ, ಹೊರಗೆ ಹೋಗಲು ಜಾಗವಿಲ್ಲದ ದಾರ ಅಲ್ಲೇ ಸುರುಳಿ ಸುರುಳಿಯಾಗಿ ಉಕ್ಕುತ್ತದೆ. ಇಲ್ಲಿಯವರು ಅದನ್ನು ಹಕ್ಕಿಗೂಡು ಎನ್ನುತ್ತಾರೆ. ನನ್ನದು ಸಾಮಾನ್ಯ ಗೂಡಲ್ಲ, ಗೀಜಗನ ಗೂಡು: ಒಳಬಾಗಿಲು, ಹೊರಬಾಗಿಲು, ಬಾಣಂತಿ ಕೋಣೆ ಎಲ್ಲ ಉಂಟು. ಗೂಡು ಕಟ್ಟದ ದಿನ ಗಾಳ ಮರಕ್ಕೆ ಹೋಗುತ್ತದೆ. ನಮ್ಮ ಬಡಾವಣೆಯ ಕೊಳದ ದಂಡೆಯಲ್ಲೊಂದು ವಿಲೋ ಮರವಿದೆ. ಬಿಸಿಲು ಬಿದ್ದಾಗ ಅದರಲ್ಲಿ ನಾಲ್ಕು ಹಣ್ಣು ಹೊಳೆಯುತ್ತವೆ. ನಾಲ್ಕೂ ನನ್ನವೇ.

ಆಗೆಲ್ಲ ನಾನು ಜಾರ್ಜ್ ಪೆರಿಯನ್ನು ನೆನೆಯುತ್ತೇನೆ. ಜಾರ್ಜಿಯಾದ ಬಡ ರೈತರ ಹುಡುಗ. 1932ರ ಜೂನ್ 2ರಂದು ಮಳೆ ಬಂದು ಹೊಲದಲ್ಲಿ ಕೆಲಸವಿಲ್ಲದ್ದರಿಂದ ಗೆಳೆಯನೊಡನೆ ಮೀನಿಗೆ ಹೊರಟ. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಹುಸಿಮೀನು. ಆ ಒಂದಕ್ಕೆ ಬಿದ್ದದ್ದು 22 ಪೌಂಡ್ 4 ಔನ್ಸಿನ ಬ್ಯಾಸ್. ಹತ್ತು ಕಿಲೋ! ತೂಗಿಸಿ, ಮನೆಗೆ ತಂದು, ಅಡುಗೆ ಮಾಡಿ ಉಂಡರು. 2009ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಸರಿಸಮನಾದದ್ದೊಂದು ಸಿಕ್ಕಿತೇ ಹೊರತು ಅವನನ್ನು ಮೀರಿಸಿದವರು ಇನ್ನೂ ಇಲ್ಲ. ಅದಿರಲಿ, ನಮ್ಮ ಟೆಕ್ಸಸ್ಸಿನ ದಾಖಲೆಯ ಬ್ಯಾಸ್ 1992ರಲ್ಲಿ ಲೇಕ್ ಫೋರ್ಕ್‌ನಲ್ಲಿ ಸಿಕ್ಕಿದಾಗ, ಹಿಡಿದಾತ ಹಾಕಿದ್ದು ಕ್ರಾಪಿ ಎಂಬ ಬೇರೆಯೇ ಚಿಕ್ಕ ಮೀನಿಗೆ ಗಾಳ! ನನ್ನ ಪೆಟ್ಟಿಗೆಯಲ್ಲಿ ಹುಸಿಮೀನುಗಳು ಮುನ್ನೂರಕ್ಕೂ ಮೇಲಿವೆ. ಗಣಿತ ನನಗೆ ಅನುಕೂಲವಾಗಿಲ್ಲ.

ಹೋದ ಮಾರ್ಚಿನಲ್ಲಿ ಅಪ್ಪ ಊರಿಂದ ಬಂದರು. ಮೂರು ತಟ್ಟೆಗಳ ಪ್ರದರ್ಶನ ಏರ್ಪಡಿಸಿದೆ. ಮೋಟಾರ್ ಆಯಿಲ್ ಹುಳವನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು, "ನಮ್ಮ ಗೊಬ್ಬರಗುಂಡಿ ಹುಳಕ್ಕೆ ಇದನ್ನ ತೋರಿಸ್ಬೇಡ ಮಾರಾಯ, ಮನೆ ಬಿಟ್ಟು ಓಡ್ತಾವೆ" ಎಂದರು. ಹಿಡಿದದ್ದನ್ನು ಮತ್ತೆ ನೀರಿಗೆ ಬಿಡುತ್ತೇನೆಂದು ತಿಳಿದಾಗ ಮಾತ್ರ ಅವರಿಗೆ ನಿಜವಾಗಿ ಚಿಂತೆಯಾಯಿತು. ಅಲಬಾಮಾದ ರೇ ಸ್ಕಾಟ್ ಎಂಬ ವಿಮೆ ಏಜೆಂಟನೊಬ್ಬ ಬ್ಯಾಸ್ ಪಂದ್ಯಗಳನ್ನು ಹುಟ್ಟುಹಾಕಿದ್ದು, ಹೀಗೇ ಕೊಲ್ಲುತ್ತಾ ಹೋದರೆ ಕೆರೆಗಳು ಬರಿದಾದಾವು ಎಂದು 1972ರಿಂದ ಹಿಡಿದ ಮೀನನ್ನು ಬದುಕಿಸಿ ಬಿಡುವ ಪದ್ಧತಿ ತಂದದ್ದು, ಎಲ್ಲವನ್ನೂ ವಿವರಿಸಿದೆ. ಅಪ್ಪ ಪೂರ್ತಿ ಕೇಳಿದರು.

"ಅಂದ್ರೆ, ಮಲಗಿದ್ದವನನ್ನ ತಟ್ಟಿ ಎಬ್ಸಿ, ಎಂತ ಇಲ್ಲ ಮಾರಾಯ, ಸುಮ್ನೆ ಎಬ್ಸಿದೆ, ಮಲ್ಕೋ ಅಂದಂಗೆ."

ಮೀನಿನ ಪರವಾಗಿ ಇಷ್ಟು ಚೆನ್ನಾಗಿ ವಾದಿಸಿದವರನ್ನು ನಾನು ಕಂಡಿರಲಿಲ್ಲ.

ಮರುದಿನ ಸಂಜೆ ಇಬ್ಬರೂ ಕೊಳಕ್ಕೆ ಹೋದೆವು. ವಸಂತದಲ್ಲಿ ಬ್ಯಾಸ್‌ಗಳು ಮೊಟ್ಟೆಯಿಡಲು ದಂಡೆಯ ಸನಿಹಕ್ಕೆ ಬರುತ್ತವೆ. ಅವು ಇಲ್ಲ ಎನ್ನಲು ನೆಪವಿಲ್ಲದ ಕಾಲ. ಅಪ್ಪ ಮಂಕಿ ಟೋಪಿ ಹಾಕಿಕೊಂಡು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತರು. ಅವರು ನೋಡುತ್ತಿದ್ದಾರೆಂದು ನಾನು ಸ್ವಲ್ಪ ಜೋರಾಗಿಯೇ ಬೀಸಿದೆ. ರೀಲು ಗೊರ್ ಎಂದಿತು. ಹಸಿರು ಕುಂಬಳದ ಹುಳ ಹತ್ತು ಮಾರು ದೂರದಲ್ಲಿ ಪುಳಕ್ಕೆಂದು ಬಿತ್ತು, ಉಳಿದ ದಾರವೆಲ್ಲ ನನ್ನ ಕೈಯಲ್ಲೇ ಗೂಡು ಕಟ್ಟಿತು. ಕನ್ನಡಕವನ್ನು ಹಣೆಗೇರಿಸಿ, ಉಗುರಿನ ತುದಿಯಿಂದ ಒಂದೊಂದೇ ಸುರುಳಿ ಎಳೆಯುತ್ತಾ ನಿಂತೆ. ಒಂದು ಬಿಚ್ಚಿದರೆ ಎರಡು ಬಿಗಿಯುತ್ತಿತ್ತು. ಐದು ನಿಮಿಷವೋ ಹತ್ತೋ. ಹುಳದ ಗೊಡವೆ ನನಗೂ ಇರಲಿಲ್ಲ, ನನ್ನ ಗೊಡವೆ ಹುಳಕ್ಕೂ ಇರಲಿಲ್ಲ.

"ಹೋಯ್, ನಿನ್ನ ದಾರ ಎಲ್ಲಿಗೋ ಹೊರಟಿದೆ ನೋಡು" ಎಂದರು ಅಪ್ಪ.

ನಿಜ. ನೀರಿನ ಮೇಲೆ ದಾರ ತನ್ನ ಪಾಡಿಗೆ ತಾನು ಎಡಕ್ಕೆ ನಡೆದಿತ್ತು, ಅವಸರವಿಲ್ಲದೆ, ಸಂಜೆಯ ವಾಕಿಂಗಿಗೆ ಹೊರಟವರ ಹಾಗೆ. ರೀಲು ತಿರುಗದು. ಕೋಲನ್ನು ಹುಲ್ಲಿಗೆ ಎಸೆದು ದಾರವನ್ನೇ ಕೈಯಲ್ಲಿ ಹಿಡಿದೆ. ಒಂದು ಕೈ ಬಿಟ್ಟು ಒಂದು ಕೈ, ಬಾವಿಯಿಂದ ನೀರು ಸೇದಿದ ಹಾಗೆ, ಹಳ್ಳದ ದಂಡೆಯಲ್ಲಿ ನಲವತ್ತು ವರ್ಷದ ಹಿಂದೆ ಎಳೆದ ಹಾಗೆ. ದಾರ ಬೆರಳು ಕೊಯ್ಯಿತು. ದಂಡೆಯ ಬಳಿ ನೀರು ಒಡೆದು ಆ ದೊಡ್ಡ ಬಾಯಿ ಮೇಲೆ ಬಂತು, ತಲೆ ಒದರಿತು. ಕೆಳತುಟಿಗೆ ಹೆಬ್ಬೆರಳು ತೂರಿಸಿ ಎತ್ತಿದೆ. ಸ್ಯಾಂಡ್‌ಪೇಪರಿನಂಥ ಸಣ್ಣ ಹಲ್ಲುಗಳು ಬೆರಳನ್ನು ಉಜ್ಜಿದವು. ಎರಡು ಪೌಂಡ್ ಇದ್ದೀತು. ಪಕ್ಕೆಯುದ್ದಕ್ಕೂ ಮಸಿಯಲ್ಲಿ ಎಳೆದಂಥ ಪಟ್ಟಿ, ಹೊಟ್ಟೆ ಬಿಳಿ, ಬೆನ್ನು ಮಾತ್ರ, ಆಣೆ ಮಾಡಿ ಹೇಳುತ್ತೇನೆ, ಹಸಿರು ಕುಂಬಳ. ಅಪ್ಪ ಒಂದು ಬೆರಳಿಂದ ಅದರ ಬೆನ್ನನ್ನು ಸವರಿ, "ಹೂಂ, ಇನ್ನು ಮಲ್ಕೋ ಹೋಗು" ಎಂದರು. ಬಿಟ್ಟೆ. ಬಾಲದ ಒಂದೇ ಏಟಿಗೆ ನನ್ನ ಕನ್ನಡಕ ಒದ್ದೆಯಾಯಿತು.

ಆ ಗೂಡನ್ನು ಬಿಡಿಸುವುದೋ ಕತ್ತರಿಸುವುದೋ ಎಂದು ರಾತ್ರಿ ಗ್ಯಾರೇಜಿನಲ್ಲಿ ಯೋಚಿಸುತ್ತಾ ಕೂತಿದ್ದೆ. ಒಳಗೆ ಅಪ್ಪ ಊರಿನ ಯಾರೊಡನೆಯೋ ಫೋನಿನಲ್ಲಿದ್ದರು. ಊರಿನವರೊಡನೆ ಮಾತಾಡುವಾಗ, ಫೋನಿಲ್ಲದಿದ್ದರೂ ಕೇಳಿಸಲಿ ಎಂಬಷ್ಟು ದನಿ ಅವರದು.

"ಹೌದಾ ಮಾರಾಯ, ಕಣ್ಣಾರೆ ನೋಡಿದೆ. ಇಲ್ಲಿ ಮೀನಿಗೆ ಗಾಳ ಹಾಕೂದಲ್ಲ, ದಾರಕ್ಕೆ ಗಂಟು ಹಾಕೂದು. ಅದನ್ನ ಬಿಡಿಸ್ತಾ ನಿಂತ್ರೆ ಮೀನು ತಾನೇ ಬರ್ತದೆ. ಬಂದ್ಮೇಲೆ, ಯಾಕೆ ಬಂದೆ ಅಂತ ಕೇಳಿ ಕಳಿಸಿಬಿಡ್ತಾರೆ."